ಶುಶ್ರೂಷಾ ವೃತ್ತಿಯಲ್ಲಿ ವಿಶೇಷ ಪರಿಣತಿ: ಆಯ್ಕೆಗೆ ಮುನ್ನ ಒಂದು ಲೆಕ್ಕಾಚಾರ

ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಕುಟುಂಬಗಳಲ್ಲಿ ಮಕ್ಕಳ ಶಿಕ್ಷಣಕ್ಕೆ ತೊಡಗಿಸುವ ಹಣವು ಇಂದು ಅಂಗಡಿಗೋ ಯಂತ್ರಕ್ಕೋ ತೊಡಗಿಸುವ ಬಂಡವಾಳಕ್ಕಿಂತ ಕಡಿಮೆಯೇನೂ ಅಲ್ಲ. ಆದರೂ ಒಂದು ಲೇತ್ ಯಂತ್ರವನ್ನು ಕೊಳ್ಳುವಾಗ ನಾಲ್ಕು ಕಡೆಗಳಿಂದ ದರಪಟ್ಟಿ ತರಿಸಿ, ಅದು ದಿನಕ್ಕೆ ಎಷ್ಟು ಗಂಟೆ ಓಡೀತು, ಎಷ್ಟು ವರ್ಷದಲ್ಲಿ ಹಾಕಿದ ಹಣ ಮರಳೀತು ಎಂದು ವಿಚಾರಿಸುವ ನಾವು, ಮಗಳೋ ಮಗನೋ ಓದಬೇಕಾದ ಶಾಖೆಯನ್ನು ಆರಿಸುವಾಗ ಮಾತ್ರ ಬಂಧುಗಳ ಒಂದು ಮಾತಿಗೋ ಒಂದು ಜಾಹೀರಾತಿಗೋ ಒಪ್ಪಿಗೆ ಸೂಚಿಸಿಬಿಡುತ್ತೇವೆ.

ಕೆಲವು ವರ್ಷಗಳಿಂದೀಚೆಗೆ ಆದಾಯ ತೆರಿಗೆಯ ವಿವರಪಟ್ಟಿ ಸಲ್ಲಿಸಲು ಬರುವ ಕಕ್ಷಿದಾರರು ಕಡತ ಮುಚ್ಚುವ ಮುನ್ನ ಕೇಳುವ ಒಂದು ಪ್ರಶ್ನೆ ನನಗೆ ಪರಿಚಿತವಾಗಿದೆ: “ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಮುಂದೆ ಯಾವುದಾದರೂ ಸ್ಪೆಷಾಲಿಟಿ ಮಾಡಿದರೆ ಒಳ್ಳೆಯ ಸಂಬಳ ಬರುತ್ತದಂತೆ. ಯಾವುದನ್ನು ಕೊಡಿಸಲಿ? ಸಾಲ ಎಷ್ಟು ತೆಗೆಯಲಿ?” ವೈದ್ಯಕೀಯವು ನನ್ನ ಕ್ಷೇತ್ರವಲ್ಲ. ಆದರೆ ನರ್ಸಿಂಗ್ ಹೋಮ್‌ಗಳ ಲೆಕ್ಕಪರಿಶೋಧನೆಯ ನಿಮಿತ್ತ ಅವುಗಳ ಸಂಬಳದ ಪುಸ್ತಕಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವುದರಿಂದ, ಈ ಪ್ರಶ್ನೆಯ ಹಣಕಾಸಿನ ಮುಖವನ್ನು ಸದಸ್ಯ ಬಾಂಧವರ ಮುಂದಿಡುವುದು ಉಪಯುಕ್ತವಾದೀತೆಂದು ಭಾವಿಸಿದ್ದೇನೆ.

ವೃತ್ತಿಯ ಮೆಟ್ಟಿಲುಗಳು

ಮೊದಲು ಶಿಕ್ಷಣದ ಕ್ರಮವನ್ನು ಸ್ಥೂಲವಾಗಿ ತಿಳಿದುಕೊಳ್ಳಬೇಕು. ಎಎನ್‌ಎಂ ಎರಡು ವರ್ಷದ ಕೋರ್ಸು. ಜಿಎನ್‌ಎಂ ಡಿಪ್ಲೊಮಾ ಮೂರು ವರ್ಷದ್ದು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಬಿ.ಎಸ್‌ಸಿ. ಪ್ರವೇಶಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂಗೆ ಕಲಾ, ವಾಣಿಜ್ಯ ವಿಭಾಗಗಳ ವಿದ್ಯಾರ್ಥಿಗಳೂ ಸೇರಬಹುದು. ವಾಣಿಜ್ಯ ವಿಭಾಗವನ್ನೇ ಆರಿಸಿಕೊಳ್ಳುವ ಮಕ್ಕಳು ಹೆಚ್ಚಾಗಿರುವ ನಮ್ಮ ಕುಟುಂಬಗಳಿಗೆ ಈ ಅಂಶ ಗಮನಾರ್ಹ. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮೂಲಕ ಪದವೀಧರರಾಗುವ ಅವಕಾಶವೂ ಇದೆ.

ವಿಶೇಷ ಪರಿಣತಿಯ ಹಾದಿ ಇದರ ನಂತರ ತೆರೆದುಕೊಳ್ಳುತ್ತದೆ. ಇಲ್ಲಿ ಮೂರು ದಾರಿಗಳಿವೆ. ಒಂದು, ಒಂದು ವರ್ಷ ಅವಧಿಯ ಪೋಸ್ಟ್ ಬೇಸಿಕ್ ಡಿಪ್ಲೊಮಾ. ತೀವ್ರ ನಿಗಾ, ತುರ್ತು ಚಿಕಿತ್ಸೆ, ನವಜಾತ ಶಿಶು, ಕ್ಯಾನ್ಸರ್, ಮೂತ್ರಪಿಂಡ, ಹೃದಯ ಮತ್ತು ಎದೆ, ನರರೋಗ, ಶಸ್ತ್ರಚಿಕಿತ್ಸಾ ಕೊಠಡಿ, ಮನೋರೋಗ, ವೃದ್ಧಾಪ್ಯ ಮುಂತಾದ ಶಾಖೆಗಳು ಇದರಲ್ಲಿ ಸೇರಿವೆ. ಎರಡು, ಎರಡು ವರ್ಷದ ಎಂ.ಎಸ್‌ಸಿ. ನರ್ಸಿಂಗ್. ಇದರಲ್ಲಿ ಮೆಡಿಕಲ್-ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ಐದು ಮುಖ್ಯ ವಿಭಾಗಗಳಿವೆ. ಮೂರು, ತೀರ ಈಚಿನದಾದ ನರ್ಸ್ ಪ್ರಾಕ್ಟೀಷನರ್ ತರಬೇತಿ. ತೀವ್ರ ನಿಗಾ ಶಾಖೆಯಲ್ಲಿ ಇದು ಎರಡು ವರ್ಷದ ಸ್ನಾತಕೋತ್ತರ ಕೋರ್ಸು. ಸೂಲಗಿತ್ತಿ ಶಾಖೆಯಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, 18 ತಿಂಗಳ ತರಬೇತಿ.

ಈ ಮೂರು ದಾರಿಗಳ ಗುರಿ ಒಂದೇ ಅಲ್ಲ ಎಂಬುದನ್ನು ಪೋಷಕರು ಮರೆಯಬಾರದು. ಡಿಪ್ಲೊಮಾ ರೋಗಿಯ ಹಾಸಿಗೆಯ ಬಳಿಯ ಕೌಶಲವನ್ನು ಬೆಳೆಸುತ್ತದೆ. ಎಂ.ಎಸ್‌ಸಿ. ಬಹುಮಟ್ಟಿಗೆ ಬೋಧನೆಯತ್ತಲೂ ಆಡಳಿತದತ್ತಲೂ ಕೊಂಡೊಯ್ಯುತ್ತದೆ. ರೋಗಿಗಳ ನಡುವೆ ಇರಬಯಸುವ ಹುಡುಗಿಗೆ ‘ದೊಡ್ಡ ಪದವಿ’ ಎಂಬ ಒಂದೇ ಕಾರಣಕ್ಕೆ ಎಂ.ಎಸ್‌ಸಿ. ಕೊಡಿಸುವುದು, ಚಿಲ್ಲರೆ ವ್ಯಾಪಾರ ಬಲ್ಲವನಿಗೆ ಸಗಟು ಗೋದಾಮು ಕಟ್ಟಿಸಿಕೊಟ್ಟಂತೆ.

ವಿಶೇಷ ಶಾಖೆಗಳು ಹುಟ್ಟಿದ ಬಗೆ

ಶುಶ್ರೂಷೆಯಲ್ಲಿ ವಿಶೇಷ ಶಾಖೆ ಎಂಬುದು ವಿಶ್ವವಿದ್ಯಾಲಯಗಳು ಕುಳಿತು ರಚಿಸಿದ ವಿಂಗಡಣೆಯಲ್ಲ. ವೈದ್ಯರು ಇಪ್ಪತ್ತನಾಲ್ಕು ಗಂಟೆಯೂ ಇರಲಾಗದ ಕಡೆ, ಕ್ಷಣ ತಡವಾದರೂ ಜೀವಕ್ಕೆ ಅಪಾಯವಿರುವ ಕಡೆ ಅದು ಅನಿವಾರ್ಯವಾಗಿ ಹುಟ್ಟಿಕೊಂಡಿತು. 1962ರಲ್ಲಿ ಅಮೆರಿಕದ ಕಾನ್ಸಾಸ್ ನಗರದ ಬೆಥನಿ ಆಸ್ಪತ್ರೆಯಲ್ಲಿ ಡಾ. ಹ್ಯೂಸ್ ಡೇ ಎಂಬ ವೈದ್ಯರು ಹೃದಯಾಘಾತಕ್ಕೊಳಗಾದವರಿಗಾಗಿಯೇ ಪ್ರತ್ಯೇಕ ಘಟಕವನ್ನು ತೆರೆದರು. ಹೃದಯದ ಬಡಿತ ತಪ್ಪಿದ ಕೆಲವೇ ನಿಮಿಷಗಳಲ್ಲಿ ವಿದ್ಯುತ್ ಆಘಾತ ನೀಡದಿದ್ದರೆ ರೋಗಿ ಉಳಿಯುವುದಿಲ್ಲ. ವೈದ್ಯರು ಓಡಿಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಆದ್ದರಿಂದ ಇಂಥ ಘಟಕಗಳಲ್ಲಿ ಹೃದಯದ ರೇಖಾಚಿತ್ರವನ್ನು ಓದುವುದನ್ನೂ ಆಘಾತ ನೀಡುವುದನ್ನೂ ಶುಶ್ರೂಷಕಿಯರಿಗೇ ಕಲಿಸಬೇಕಾಯಿತು. ಅಲ್ಲಿಯವರೆಗೆ ವೈದ್ಯರದೆಂದು ತಿಳಿಯಲಾಗಿದ್ದ ಒಂದು ನಿರ್ಧಾರ ಶುಶ್ರೂಷಕಿಯ ಕೈಗೆ ಬಂದಿತು. ಏಳು ವರ್ಷಗಳಲ್ಲಿ, ಅಂದರೆ 1969ರಲ್ಲಿ, ಅಲ್ಲಿ ಇಂಥ ಶುಶ್ರೂಷಕಿಯರ ರಾಷ್ಟ್ರೀಯ ಸಂಘವೇ ಸ್ಥಾಪಿತವಾಯಿತು.

ಇನ್ನೊಂದು ತುದಿಯಲ್ಲಿ, ಗುಣವಾಗದ ಕಾಯಿಲೆಯವರ ನೋವು ಶಮನದ ಶಾಖೆಯೂ ಹಾಸಿಗೆಯ ಬಳಿಯ ಅನುಭವದಿಂದಲೇ ಬೆಳೆಯಿತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ಅವರು ವೈದ್ಯೆಯಾಗುವ ಮುನ್ನ ಶುಶ್ರೂಷಕಿಯಾಗಿ ತರಬೇತಿ ಪಡೆದವರು. ನಮ್ಮ ಬೆಂಗಳೂರಿನ ಕರುಣಾಶ್ರಯವೂ ಈ ಪರಂಪರೆಗೇ ಸೇರಿದ ಸಂಸ್ಥೆ.

ಹೆಚ್ಚಿನ ತರಬೇತಿಗೆ ನಿಜವಾದ ಬೆಲೆಯಿದೆಯೇ ಎಂದು ವ್ಯಾಪಾರಿ ಮನಸ್ಸು ಕೇಳುವುದು ಸಹಜ. ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಮರಣಿಸುವ ಸಂಭವ ಶೇ. 7ರಷ್ಟು ಏರುತ್ತದೆ. ಯೂರೋಪಿನ ಒಂಬತ್ತು ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ, ಪದವೀಧರ ಶುಶ್ರೂಷಕಿಯರ ಪ್ರಮಾಣ ಶೇ. 10ರಷ್ಟು ಹೆಚ್ಚಿರುವಲ್ಲಿ ಈ ಸಂಭವ ಶೇ. 7ರಷ್ಟು ಕಡಿಮೆಯಿರುವುದು ಕಂಡುಬಂದಿತು. ಸಂಖ್ಯೆಯಷ್ಟೇ ಅಲ್ಲ, ಶಿಕ್ಷಣವೂ ಜೀವದ ಲೆಕ್ಕದಲ್ಲಿ ಸೇರುತ್ತದೆ ಎಂಬುದು ಇದರ ತಾತ್ಪರ್ಯ.

ಶಾಖೆಗಳ ಸ್ವರೂಪ: ಕೆಲಸ, ವೇಳೆ, ದೇಹಶ್ರಮ

ಶಾಖೆಯ ಹೆಸರನ್ನು ಕೇಳಿದರೆ ಸಾಲದು. ಅಲ್ಲಿ ದಿನವಿಡೀ ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು.

ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ಅಂಗೀಕೃತ ಮಾನದಂಡ. ಗಂಟೆಗೊಮ್ಮೆ ರಕ್ತದೊತ್ತಡ, ಉಸಿರಾಟ, ದೇಹಕ್ಕೆ ಹೋದ ದ್ರವ, ಹೊರಬಂದ ದ್ರವ ಎಲ್ಲವನ್ನೂ ದಾಖಲಿಸಿ ತಾಳೆ ನೋಡಬೇಕು. ಜಮಾ-ಖರ್ಚಿನ ಪುಸ್ತಕದಲ್ಲಿ ವ್ಯತ್ಯಾಸ ಬಂದರೆ ನಾವು ಮರುದಿನ ಹುಡುಕಬಹುದು. ಇಲ್ಲಿ ವ್ಯತ್ಯಾಸವೆಂದರೆ ಮೂತ್ರಪಿಂಡ ಸೋಲುತ್ತಿದೆ ಎಂಬ ಸೂಚನೆಯಾಗಿರಬಹುದು. ಕೆಲಸ ಗೌರವದ್ದು, ಬೇಡಿಕೆಯೂ ಹೆಚ್ಚು. ಆದರೆ ರಾತ್ರಿ ಪಾಳಿ ತಪ್ಪದು. ಪ್ರಜ್ಞೆಯಿಲ್ಲದ ದೇಹವನ್ನು ಮೇಲಿಂದ ಮೇಲೆ ಹೊರಳಿಸಬೇಕಾದ್ದರಿಂದ ಬೆನ್ನಿಗೂ ಶ್ರಮ. ಸಾವನ್ನು ಪದೇ ಪದೇ ಕಾಣಬೇಕಾದ ಮನಸ್ಸಿನ ಭಾರ ಬೇರೆ.

ನವಜಾತ ಶಿಶು ಘಟಕದಲ್ಲಿ ಒಂದೂವರೆ ಕಿಲೋ ತೂಗದ ಕೂಸಿನ ಮೈ ಬಿಸಿ ಕಾಯ್ದು, ಮಿಲಿಲೀಟರ್ ಲೆಕ್ಕದಲ್ಲಿ ಹಾಲುಣಿಸಬೇಕು. ಕಣ್ಣು, ಕೈ, ತಾಳ್ಮೆ ಮೂರೂ ಸೂಕ್ಷ್ಮವಾಗಿರಬೇಕು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉಪಕರಣ, ಸೂಜಿ, ಹತ್ತಿಬಟ್ಟೆಗಳನ್ನು ಆರಂಭಕ್ಕೆ ಮುನ್ನವೂ ಹೊಲಿಗೆ ಹಾಕುವ ಮುನ್ನವೂ ಇಬ್ಬರು ಸೇರಿ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಸುರಕ್ಷಾ ತಪಶೀಲು ಪಟ್ಟಿಯಲ್ಲಿಯೂ ಈ ಎಣಿಕೆಗೆ ಸ್ಥಾನವಿದೆ. ದಾಸ್ತಾನು ತಾಳೆಯಾಗದೆ ಬಾಗಿಲು ಹಾಕಬಾರದೆಂಬ ನಮ್ಮ ನಿಯಮಕ್ಕಿಂತ ಇದು ಕಟ್ಟುನಿಟ್ಟಾದದ್ದು. ಗಂಟೆಗಟ್ಟಲೆ ನಿಲ್ಲಬಲ್ಲವರಿಗೆ, ಶಿಸ್ತನ್ನು ಪ್ರೀತಿಸುವವರಿಗೆ ಒಪ್ಪುವ ಶಾಖೆ.

ಡಯಾಲಿಸಿಸ್ ಘಟಕದಲ್ಲಿ ಒಬ್ಬ ರೋಗಿ ಸಾಮಾನ್ಯವಾಗಿ ವಾರಕ್ಕೆ ಎರಡು-ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆಯಂತೆ ವರ್ಷಗಟ್ಟಲೆ ಬರುತ್ತಾನೆ. ಕೈಯ ರಕ್ತನಾಳಕ್ಕೆ ಸೂಜಿ ಚುಚ್ಚುವ ನೈಪುಣ್ಯದ ಜೊತೆಗೆ, ಆ ರೋಗಿಯ ಆಹಾರ, ಕುಟುಂಬ, ನಿರಾಶೆ ಎಲ್ಲವನ್ನೂ ಬಲ್ಲ ಸ್ನೇಹ ಬೇಕು. ಬಹುತೇಕ ಘಟಕಗಳು ಪೂರ್ವನಿಗದಿತ ಪಾಳಿಗಳಲ್ಲಿ ನಡೆಯುವುದರಿಂದ ರಾತ್ರಿ ಕೆಲಸ ತುಲನಾತ್ಮಕವಾಗಿ ಕಡಿಮೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಈ ಸೌಲಭ್ಯ ಜಿಲ್ಲಾ ಆಸ್ಪತ್ರೆಗಳಿಗೂ ಬಂದಿರುವುದರಿಂದ, ಊರು ಬಿಡದೆ ಕೆಲಸ ಮಾಡಬಯಸುವವರು ಈ ಶಾಖೆಯನ್ನು ಪರಿಶೀಲಿಸಬಹುದು.

ಕ್ಯಾನ್ಸರ್ ಶಾಖೆಯಲ್ಲಿ ಔಷಧದ ಪ್ರಮಾಣವನ್ನು ಇಬ್ಬರು ಪರಿಶೀಲಿಸಿಯೇ ಕೊಡಬೇಕು. ರಕ್ತನಾಳದಿಂದ ಔಷಧ ಹೊರಸೋರಿದರೆ ಸುತ್ತಲಿನ ಮಾಂಸವೇ ಕೊಳೆಯಬಹುದು. ಹಗಲು ಹೊತ್ತಿನಲ್ಲೇ ಔಷಧ ನೀಡಿ ಕಳುಹಿಸುವ ಘಟಕಗಳು ಹೆಚ್ಚುತ್ತಿರುವುದು ಇಲ್ಲಿನ ಅನುಕೂಲ.

ಮನೋರೋಗ ಶುಶ್ರೂಷೆಯನ್ನು ನಮ್ಮ ಸಮಾಜ ಇನ್ನೂ ಹಿಂಜರಿಕೆಯಿಂದ ನೋಡುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ಆರೋಗ್ಯ ಶುಶ್ರೂಷಕರನ್ನು ಪ್ರತ್ಯೇಕವಾಗಿ ಗುರುತಿಸಿ, ರಾಜ್ಯ ಪ್ರಾಧಿಕಾರದಲ್ಲಿ ಅವರ ನೋಂದಣಿಗೆ ಅವಕಾಶ ಕಲ್ಪಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ಕನ್ನಡದ ಮಕ್ಕಳಿಗೆ ದೊಡ್ಡ ಅನುಕೂಲ. ರೋಗಿಯ ಭಾಷೆಯನ್ನು ಬಲ್ಲವರಿಗೆ ಈ ಶಾಖೆಯಲ್ಲಿ ಇರುವಷ್ಟು ಬೆಲೆ ಬೇರೆಲ್ಲೂ ಇಲ್ಲ.

ಇವಲ್ಲದೆ ಸೋಂಕು ನಿಯಂತ್ರಣ, ವೃದ್ಧರ ಆರೈಕೆ, ಕಾರ್ಖಾನೆಗಳಲ್ಲಿ ಕಾರ್ಮಿಕರ ಆರೋಗ್ಯದ ಶಾಖೆಗಳೂ ಇವೆ. 500ಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಶುಶ್ರೂಷಾ ಸಿಬ್ಬಂದಿಯುಳ್ಳ ಚಿಕಿತ್ಸಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿದ್ದುದು ನಮ್ಮ ಉದ್ದಿಮೆದಾರ ಸದಸ್ಯರಿಗೆ ನೆನಪಿದ್ದೀತು.

ಮೊದಲು ವಾರ್ಡು, ಅನಂತರ ಡಿಪ್ಲೊಮಾ

ಪದವಿ ಮುಗಿದೊಡನೆ ವಿಶೇಷ ಕೋರ್ಸಿಗೆ ಸೇರಿಸಬೇಕೆಂಬ ಆತುರ ಪೋಷಕರಲ್ಲಿ ಸಾಮಾನ್ಯ. ನಿಯಮಗಳೇ ಈ ಆತುರಕ್ಕೆ ತಡೆಯೊಡ್ಡಿವೆ. ಪೋಸ್ಟ್ ಬೇಸಿಕ್ ಡಿಪ್ಲೊಮಾಕ್ಕೂ ಎಂ.ಎಸ್‌ಸಿ.ಗೂ ಸಾಮಾನ್ಯವಾಗಿ ನೋಂದಾಯಿತ ಶುಶ್ರೂಷಕಿಯಾಗಿ ಕನಿಷ್ಠ ಒಂದು ವರ್ಷದ ಅನುಭವವನ್ನು ಕೇಳಲಾಗುತ್ತದೆ. ಕೆಲವರು ಇದನ್ನು ಕಾಗದದ ಮೇಲಿನ ಷರತ್ತೆಂದು ಬಗೆದು, ಪರಿಚಿತ ಆಸ್ಪತ್ರೆಯಿಂದ ಅನುಭವ ಪತ್ರ ಬರೆಸಿಕೊಳ್ಳುವುದುಂಟು. ಇದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ತಮಗೆ ತಾವೇ ಮಾಡಿಕೊಳ್ಳುವ ನಷ್ಟ. ಏಕೆಂದರೆ ಆ ಒಂದು ವರ್ಷವೇ ಈ ಹೂಡಿಕೆಯ ಅತ್ಯಂತ ಅಗ್ಗದ ಮಾರುಕಟ್ಟೆ ಸಮೀಕ್ಷೆ.

ನನ್ನ ಕಕ್ಷಿದಾರರಾದ ಹಾರ್ಡ್‌ವೇರ್ ವರ್ತಕರೊಬ್ಬರ ಮಗಳು ತೀವ್ರ ನಿಗಾ ಶಾಖೆಯನ್ನೇ ಓದಬೇಕೆಂದು ನಿಶ್ಚಯಿಸಿದ್ದಳು. ತಂದೆ ಠೇವಣಿ ಮುರಿಸಲು ಸಿದ್ಧರಾಗಿದ್ದರು. ಒಂದು ವರ್ಷ ಕಾಯುವುದಾದರೆ ಠೇವಣಿಯ ಬಡ್ಡಿಯೂ ಉಳಿಯುತ್ತದೆ ಎಂದು ಸೂಚಿಸಿದೆ. ಆಕೆ ಆರು ತಿಂಗಳು ತೀವ್ರ ನಿಗಾ ಘಟಕದಲ್ಲಿ ದುಡಿದಳು. ಕೆಲಸ ಕೈಗೆ ಹತ್ತಿತು, ಆದರೆ ನಿದ್ದೆ ಕೈಬಿಟ್ಟಿತು. ಮಾತನಾಡದ ರೋಗಿಗಳ ನಡುವೆ ಇರಲಾರೆ ಎಂದಳು. ಅದೇ ಆಸ್ಪತ್ರೆಯ ಡಯಾಲಿಸಿಸ್ ಘಟಕಕ್ಕೆ ವರ್ಗ ಕೇಳಿ ಪಡೆದು, ಮುಂದೆ ಆ ಶಾಖೆಯಲ್ಲಿಯೇ ತರಬೇತಿ ಪಡೆದು ಈಗಲೂ ಅಲ್ಲಿದ್ದಾಳೆ. ವಾರಕ್ಕೆ ಮೂರು ದಿನ ಬರುವ ರೋಗಿಗಳು ಆಕೆಯನ್ನು ಹೆಸರು ಹಿಡಿದು ವಿಚಾರಿಸುತ್ತಾರೆಂದು ತಂದೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತದೆ. ತೀವ್ರ ನಿಗಾ ಕೆಟ್ಟ ಶಾಖೆಯೆಂದು ಇದರ ಅರ್ಥವಲ್ಲ. ಆ ಗದ್ದಲ, ಆ ವೇಗವೇ ಹಿಡಿಸುವ ಮಕ್ಕಳೂ ಇದ್ದಾರೆ. ಯಾರಿಗೆ ಯಾವುದು ಎಂಬುದು ವಾರ್ಡಿನಲ್ಲಿ ತಿಳಿಯುತ್ತದೆಯೇ ಹೊರತು ಮನೆಯ ಪಡಸಾಲೆಯಲ್ಲಿ ಅಲ್ಲ.

ತರಬೇತಿಯ ಸ್ಥಳದ ವಿಷಯದಲ್ಲಿಯೂ ಇದೇ ಮಾತು. ಈ ಡಿಪ್ಲೊಮಾಗಳಲ್ಲಿ ಪಾಠಕ್ಕಿಂತ ರೋಗಿಯ ಬಳಿಯ ಕೆಲಸವೇ ಪ್ರಧಾನ. ಹೀಗಾಗಿ ಕಟ್ಟಡದ ಅಂದವನ್ನಾಗಲಿ ಶುಲ್ಕದ ಮೊತ್ತವನ್ನಾಗಲಿ ನೋಡುವ ಬದಲು, ಅಲ್ಲಿ ಆ ಬಗೆಯ ರೋಗಿಗಳು ದಿನಕ್ಕೆಷ್ಟು ಬರುತ್ತಾರೆಂದು ನೋಡಬೇಕು. ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆ, ಹೃದಯಕ್ಕೆ ಜಯದೇವ ಸಂಸ್ಥೆ, ಮನಸ್ಸು ಮತ್ತು ನರರೋಗಗಳಿಗೆ ನಿಮ್ಹಾನ್ಸ್ ಇವು ನಾಡಿನ ಮೂಲೆ ಮೂಲೆಗಳಿಂದ ರೋಗಿಗಳು ಬರುವ ತಾಣಗಳು. ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನೊಂದಿಗೆ, 1946ರಲ್ಲೇ ನರ್ಸಿಂಗ್ ಪದವಿ ಶಿಕ್ಷಣವನ್ನು ಆರಂಭಿಸಿದ ಸಂಸ್ಥೆ. ಕೇವಲ ಹತ್ತು ಹಾಸಿಗೆಗಳ ಘಟಕವುಳ್ಳ ಕಡೆ ಪಡೆದ ತೀವ್ರ ನಿಗಾ ಡಿಪ್ಲೊಮಾ ನೀರಿಲ್ಲದೆ ಕಲಿತ ಈಜಿನಂತೆ.

ಖರ್ಚು ಮತ್ತು ಗಳಿಕೆ

ಈಗ ಅಂಕಿಗಳಿಗೆ ಬರೋಣ. ಕೆಳಗಿನವು ವಿಧಾನವನ್ನು ತೋರಿಸಲು ಇಟ್ಟುಕೊಂಡ ಕಲ್ಪಿತ ಅಂಕಿಗಳು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಇಲ್ಲಿ ಕೂಡಿಸಿಕೊಳ್ಳತಕ್ಕದ್ದು.

ತಿಂಗಳಿಗೆ ರೂ. 22,000 ಸಂಬಳ ಪಡೆಯುತ್ತಿರುವ ಶುಶ್ರೂಷಕಿಯೊಬ್ಬಳು ಕೆಲಸ ಬಿಟ್ಟು ಒಂದು ವರ್ಷದ ಡಿಪ್ಲೊಮಾ ಸೇರುತ್ತಾಳೆನ್ನೋಣ. ಶುಲ್ಕ ರೂ. 60,000. ಹಾಸ್ಟೆಲ್ ಮುಂತಾದ ಹೆಚ್ಚುವರಿ ಖರ್ಚು ರೂ. 36,000. ಪೋಷಕರು ಸಾಮಾನ್ಯವಾಗಿ ಇಷ್ಟಕ್ಕೇ ಲೆಕ್ಕ ನಿಲ್ಲಿಸಿ ‘ಒಂದು ಲಕ್ಷದೊಳಗೆ ಆಯಿತು’ ಎನ್ನುತ್ತಾರೆ. ಕೈಬಿಟ್ಟ ಸಂಬಳ ರೂ. 2,64,000 ಅನ್ನು ಕೂಡಿಸಿದಾಗ ನಿಜವಾದ ವೆಚ್ಚ ರೂ. 3,60,000 ಆಗುತ್ತದೆ. ತರಬೇತಿಯ ನಂತರ ಸಂಬಳ ತಿಂಗಳಿಗೆ ರೂ. 5,000 ಏರಿದರೆ ಹಾಕಿದ ಹಣ ಮರಳಲು ಆರು ವರ್ಷ ಬೇಕು. ರೂ. 9,000 ಏರಿದರೆ ಮೂರು ವರ್ಷ ನಾಲ್ಕು ತಿಂಗಳು ಸಾಕು. ಇದೇ ತರಬೇತಿಯನ್ನು ತಿಂಗಳಿಗೆ ರೂ. 12,000 ಸ್ಟೈಪೆಂಡ್ ಕೊಡುವ ಸಂಸ್ಥೆಯಲ್ಲಿ ಪಡೆದರೆ ವೆಚ್ಚ ರೂ. 2,16,000ಕ್ಕೆ ಇಳಿಯುತ್ತದೆ. ಅದು ಮರಳುವ ಅವಧಿ ಅನುಕ್ರಮವಾಗಿ ಮೂರು ವರ್ಷ ಏಳು ತಿಂಗಳು ಮತ್ತು ಎರಡು ವರ್ಷ. ಆದ್ದರಿಂದ ಪ್ರವೇಶಕ್ಕೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕವೆಷ್ಟು ಎಂಬುದಲ್ಲ, ಸ್ಟೈಪೆಂಡ್ ಇದೆಯೇ ಎಂಬುದು.

ಈ ಲೆಕ್ಕದಿಂದ ಹೊರಡುವ ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಆರು ವರ್ಷದಲ್ಲಿ ಮರಳುವ ಹೂಡಿಕೆಯಿಂದ ಲಾಭ ಬರಬೇಕಾದರೆ ಆಕೆ ಆರು ವರ್ಷಕ್ಕಿಂತ ಹೆಚ್ಚು ಕಾಲ ಆ ಶಾಖೆಯಲ್ಲಿ ದುಡಿಯಬೇಕು. ಸಂಬಳದ ಪುಸ್ತಕಗಳಲ್ಲಿ ನಾನು ಕಾಣುವುದು ಬೇರೆಯದೇ ಚಿತ್ರ. ಮದುವೆಯ ನಂತರ, ಮೊದಲ ಮಗುವಿನ ನಂತರ ಎಷ್ಟೋ ಹೆಸರುಗಳು ಮರೆಯಾಗುತ್ತವೆ. ಕಾರಣ ವಿಚಾರಿಸಿದರೆ ರಾತ್ರಿ ಪಾಳಿ, ಮಗುವನ್ನು ನೋಡಿಕೊಳ್ಳುವವರಿಲ್ಲ, ಗಂಡನ ಊರಿನಲ್ಲಿ ಆ ಶಾಖೆಯ ಆಸ್ಪತ್ರೆಯಿಲ್ಲ ಎಂಬ ಉತ್ತರಗಳು. ಯಂತ್ರ ಚೆನ್ನಾಗಿಯೇ ಇದೆ, ಕಾರ್ಖಾನೆಯೇ ಬಾಗಿಲು ಹಾಕಿದೆ ಎಂಬಂಥ ಸ್ಥಿತಿ. ಆದುದರಿಂದ ಅತ್ಯಧಿಕ ಸಂಬಳದ ಶಾಖೆಯೇ ಅತ್ಯುತ್ತಮ ಶಾಖೆ ಎಂದು ಭಾವಿಸಲಾಗದು. ಇಪ್ಪತ್ತು ವರ್ಷ ದೇಹವೂ ಮನಸ್ಸೂ ಸಂಸಾರವೂ ತಾಳಿಕೊಳ್ಳಬಲ್ಲ ಶಾಖೆಯೇ ಅಂತಿಮವಾಗಿ ಹೆಚ್ಚು ಗಳಿಸಿಕೊಡುತ್ತದೆ. ಇಲ್ಲಿ ಪೋಷಕರ ಪಾತ್ರವೂ ಇದೆ. ಮಗಳ ಮದುವೆಯ ಮಾತುಕತೆಯಲ್ಲಿ ಬಂಗಾರದ ತೂಕವನ್ನು ನಿಷ್ಕರ್ಷಿಸುವವರು, ಆಕೆಯ ರಾತ್ರಿ ಪಾಳಿಯ ವಿಷಯವನ್ನೂ ಅದೇ ಜಾಗದಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

ಸಂಬಳದ ವಾಸ್ತವ

ಖಾಸಗಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ಸಂಬಳ ಕಡಿಮೆಯೆಂಬುದು ಸರ್ವವಿದಿತ. ಸರ್ವೋಚ್ಚ ನ್ಯಾಯಾಲಯದ 2016ರ ಜನವರಿಯ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, 200ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ಸರ್ಕಾರಿ ಶುಶ್ರೂಷಕಿಯರಿಗೆ ಸಮನಾದ ಸಂಬಳವಿರಬೇಕೆಂದು ಶಿಫಾರಸು ಮಾಡಿತು. 100ರಿಂದ 200 ಹಾಸಿಗೆಗಳಿದ್ದಲ್ಲಿ ಅದಕ್ಕಿಂತ ಶೇ. 10ರಷ್ಟು, 50ರಿಂದ 100 ಹಾಸಿಗೆಗಳಿದ್ದಲ್ಲಿ ಶೇ. 25ರಷ್ಟು ಮಾತ್ರ ಕಡಿಮೆಯಿರಬಹುದು. 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲಿಯೂ ರೂ. 20,000ಕ್ಕೆ ಇಳಿಯದಿರಲಿ ಎಂದಿತು. ಇವು ಶಿಫಾರಸುಗಳು. ಜಾರಿಯ ಹೊಣೆ ರಾಜ್ಯಗಳದು. ಎಲ್ಲ ಕಡೆ ಪಾಲನೆಯಾಗುತ್ತಿಲ್ಲವೆಂಬುದು ಕಣ್ಣೆದುರಿಗಿನ ಸತ್ಯ. ಆದರೂ ಉದ್ಯೋಗಪತ್ರ ಕೈಗೆ ಬಂದಾಗ ಹೋಲಿಸಿ ನೋಡಲು ಇದೊಂದು ಅಳತೆಗೋಲು. ಜೊತೆಗೆ ಭವಿಷ್ಯನಿಧಿ ಇದೆಯೇ, ನೇಮಕ ಕಾಯಂ ಸಿಬ್ಬಂದಿಯೆಂದೋ ‘ವೃತ್ತಿಪರ ಶುಲ್ಕ’ದ ಹೆಸರಿನಲ್ಲೋ ಎಂಬುದನ್ನು ಅವಶ್ಯ ನೋಡಬೇಕು. ಎರಡನೆಯ ಬಗೆಯಲ್ಲಿ ಕೈಗೆ ಬರುವ ಮೊತ್ತ ದೊಡ್ಡದಾಗಿ ಕಂಡರೂ ಭವಿಷ್ಯನಿಧಿ, ಗ್ರಾಚ್ಯುಟಿ, ಹೆರಿಗೆ ರಜೆ ಇತ್ಯಾದಿಗಳ ರಕ್ಷಣೆ ಇರುವುದಿಲ್ಲ.

ಸಾಲ ಮತ್ತು ತೆರಿಗೆ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಡಿ ರೂ. 7.5 ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಅಂಗಡಿಯ ಓಡಿ ಖಾತೆಯಿಂದ ಹಣ ತೆಗೆದು ಶುಲ್ಕ ಕಟ್ಟುವ ರೂಢಿಯನ್ನು ಬಿಡುವುದು ಲೇಸು. ಹಾಗೆ ತೆಗೆದ ಹಣದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಲಾಗದು. ಶಿಕ್ಷಣ ಸಾಲಕ್ಕೆ ದೊರೆಯುವ ರಿಯಾಯಿತಿಯೂ ಸಿಗದು. 1961ರ ಆದಾಯ ತೆರಿಗೆ ಕಾಯಿದೆಯ 80ಇ ವಿಧಿಯೆಂದು ನಮಗೆಲ್ಲ ಪರಿಚಿತವಾದ ಈ ರಿಯಾಯಿತಿಯಂತೆ, ಉನ್ನತ ಶಿಕ್ಷಣ ಸಾಲದ ಬಡ್ಡಿಯನ್ನು, ಮೊತ್ತದ ಮಿತಿಯಿಲ್ಲದೆ, ಗರಿಷ್ಠ ಎಂಟು ವರ್ಷ ಕಳೆಯಬಹುದು. ಅಸಲಿಗೆ ರಿಯಾಯಿತಿಯಿಲ್ಲ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇದು ಅನ್ವಯ. ಅವಿಭಕ್ತ ಕುಟುಂಬದ ಹೆಸರಿನಲ್ಲಿಯೂ, ಬಂಧುಗಳಿಂದ ತಂದ ಕೈಸಾಲಕ್ಕೂ ದೊರೆಯದು.

ಸಾಲದ ಮಿತಿ ಎಷ್ಟಿರಬೇಕು? ಐದು ಲಕ್ಷ ರೂಪಾಯಿಯನ್ನು ಶೇ. 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಿಸುವುದಾದರೆ ಮಾಸಿಕ ಕಂತು ಸುಮಾರು ರೂ. 8,300. ಸಂಬಳ ರೂ. 20,000 ಆದರೆ ಅದರ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಕಂತಿಗೇ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕಂತು ನಿರೀಕ್ಷಿತ ಸಂಬಳದ ಕಾಲುಭಾಗವನ್ನು ಮೀರದಿರಲಿ.

ವಿದೇಶದ ಆಕರ್ಷಣೆ

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ಶುಶ್ರೂಷಕರಿದ್ದರು. ಆದರೂ 58 ಲಕ್ಷ ಮಂದಿಯ ಕೊರತೆಯಿತ್ತು. ಬೇಡಿಕೆ ನಿಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಕಂಪ್ಯೂಟರ್ ಪರೀಕ್ಷೆ ಹಾಗೂ ಪ್ರಾಯೋಗಿಕ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಜರ್ಮನಿಗೆ ಜರ್ಮನ್ ಭಾಷೆ, ಕೊಲ್ಲಿ ದೇಶಗಳಿಗೆ ಆಯಾ ದೇಶದ ಪರವಾನಗಿ ಪರೀಕ್ಷೆ ಇವೆ. ಇವುಗಳಲ್ಲಿ ಯಾವುದನ್ನೂ ಹಣ ಕೊಟ್ಟು ದಾಟಲಾಗದು. ಇಲ್ಲಿನ ಡಿಪ್ಲೊಮಾಕ್ಕೆ ಅಲ್ಲಿ ತಾನಾಗಿಯೇ ವಿಶೇಷ ಶ್ರೇಣಿ ದೊರೆಯುವುದೆಂದೂ ಭಾವಿಸಬಾರದು. ಅಲ್ಲಿನ ಉದ್ಯೋಗದಾತರು ಮುಖ್ಯವಾಗಿ ಕೇಳುವುದು ಅದೇ ಶಾಖೆಯಲ್ಲಿ ಬಿಡುವಿಲ್ಲದೆ ದುಡಿದ ಈಚಿನ ವರ್ಷಗಳ ಅನುಭವವನ್ನು.

1983ರ ವಲಸೆ ಕಾಯಿದೆಯ ನಿಯಮಗಳಡಿ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ರೂ. 30,000 ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯನ್ನು ವಿಧಿಸಲಾಗಿದೆ. 2015ರಲ್ಲಿ ಕೊಚ್ಚಿಯಲ್ಲಿ ಬೆಳಕಿಗೆ ಬಂದ ಕುವೈತ್ ನೇಮಕಾತಿ ಪ್ರಕರಣದಲ್ಲಿ, ಆಗಿನ ನಿಯಮದಂತೆ ರೂ. 19,500 ಪಡೆಯಬೇಕಿದ್ದ ಕಡೆ ಒಬ್ಬೊಬ್ಬರಿಂದ ರೂ. 19.5 ಲಕ್ಷ ವಸೂಲು ಮಾಡಲಾಗಿತ್ತೆಂಬುದು ಸಿಬಿಐ ಹೊರಿಸಿದ ಆರೋಪ. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಶುಶ್ರೂಷಕಿಯರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸುವಂತೆ ಆದೇಶಿಸಿತು. ಎರಡು ಸೊನ್ನೆಗಳ ವ್ಯತ್ಯಾಸವನ್ನು ವರ್ತಕರ ಮನೆಯವರಾದರೂ ಗುರುತಿಸಬೇಡವೇ? ಸೈಟು ಮಾರಿ ಹಣ ಹೊಂದಿಸುವ ಮುನ್ನ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ನೋಂದಣಿಯನ್ನು ಪರಿಶೀಲಿಸಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನರ್ಸಿಂಗ್ ಹೋಮ್ ನಡೆಸುವ ಸದಸ್ಯರಿಗೆ ಎರಡು ಮಾತು

ನಮ್ಮ ಸದಸ್ಯರಲ್ಲಿ ಕೆಲವರು ನರ್ಸಿಂಗ್ ಹೋಮ್‌ಗಳ ಪಾಲುದಾರರೂ ಆಸ್ಪತ್ರೆ ಟ್ರಸ್ಟುಗಳ ವಿಶ್ವಸ್ತರೂ ಆಗಿದ್ದಾರೆ. ಅನುಭವಿ ಶುಶ್ರೂಷಕಿ ಬಿಟ್ಟುಹೋದರೆ ಹೊಸಬರ ನೇಮಕ, ಕಲಿಕೆಯ ಅವಧಿ, ಆ ಅವಧಿಯ ತಪ್ಪುಗಳು ಇವೆಲ್ಲದರ ವೆಚ್ಚ ಲಾಭ-ನಷ್ಟದ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಕಾಣದಿದ್ದರೂ ಅದು ಇದ್ದೇ ಇರುತ್ತದೆ. ವರ್ಷಕ್ಕೆ ಒಬ್ಬಿಬ್ಬರನ್ನು ಸಂಸ್ಥೆಯ ಖರ್ಚಿನಲ್ಲಿ ವಿಶೇಷ ತರಬೇತಿಗೆ ಕಳುಹಿಸಿ, ಮರಳಿದ ಮೇಲೆ ಸಂಬಳ ಏರಿಸುವುದು ಇದಕ್ಕಿಂತ ಅಗ್ಗ. ಉದ್ಯೋಗಿಯ ತರಬೇತಿಗೆ ವ್ಯವಹಾರದ ಉದ್ದೇಶದಿಂದ ಮಾಡಿದ ಖರ್ಚು ತೆರಿಗೆಯ ಲೆಕ್ಕದಲ್ಲಿಯೂ ಸಲ್ಲುತ್ತದೆ. ಸೇವಾ ಕರಾರು ಬೇಕೆನಿಸಿದರೆ ಅವಧಿಯೂ ಮೊತ್ತವೂ ಮಾಡಿದ ಖರ್ಚಿಗೆ ತಕ್ಕಂತಿರಲಿ. 1872ರ ಕರಾರು ಕಾಯಿದೆಯ 74ನೇ ಕಲಮು ಸಮಂಜಸವಾದ ಪರಿಹಾರಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ಮಾತ್ರ ಯಾರಿಗೂ ಶೋಭೆಯಲ್ಲ. ಪೋಷಕರೂ ಮೂಲ ಪತ್ರಗಳನ್ನು ತೋರಿಸಿ ಮರಳಿ ಪಡೆಯಬೇಕೇ ಹೊರತು ಒಪ್ಪಿಸಬಾರದು.

ನಿರ್ಧಾರಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಮಗಳು ಅಥವಾ ಮಗ ಆ ಶಾಖೆಯ ವಾರ್ಡಿನಲ್ಲಿ ಕನಿಷ್ಠ ಆರು ತಿಂಗಳು ನಿಜವಾಗಿ ಕೆಲಸ ಮಾಡಿದ್ದಾರೆಯೇ?

2. ಕೋರ್ಸಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆಯಿದೆಯೇ? ಹೆಚ್ಚುವರಿ ಅರ್ಹತೆಯಾಗಿ ರಾಜ್ಯ ಪರಿಷತ್ತಿನಲ್ಲಿ ನೋಂದಾಯಿಸಲು ಬರುತ್ತದೆಯೇ? 1947ರ ಪರಿಷತ್ ಕಾಯಿದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಆಯೋಗದ ಕಾಯಿದೆ ಅಂಗೀಕೃತವಾಗಿರುವುದರಿಂದ, ಪ್ರವೇಶದ ವರ್ಷದ ನಿಯಮಗಳನ್ನೇ ನೋಡಬೇಕು.

3. ತರಬೇತಿ ಕೊಡುವ ಆಸ್ಪತ್ರೆಯಲ್ಲಿ ಆ ಬಗೆಯ ರೋಗಿಗಳ ಸಂಖ್ಯೆ ಎಷ್ಟು? ಸ್ಟೈಪೆಂಡ್ ಎಷ್ಟು?

4. ಕೈಬಿಡುವ ಸಂಬಳವೂ ಸೇರಿ ಒಟ್ಟು ವೆಚ್ಚ ಎಷ್ಟು? ಎಷ್ಟು ವರ್ಷದಲ್ಲಿ ಮರಳೀತು?

5. ರಾತ್ರಿ ಪಾಳಿ, ದೇಹಶ್ರಮ, ಊರು ಬದಲಾವಣೆ ಇವುಗಳ ನಡುವೆಯೂ ಅಷ್ಟು ವರ್ಷ ಆ ಶಾಖೆಯಲ್ಲಿ ನಿಲ್ಲಲು ಸಾಧ್ಯವೇ?

ಈ ಐದರಲ್ಲಿ ಮೊದಲ ನಾಲ್ಕಕ್ಕೆ ಉತ್ತರವನ್ನು ತಂದೆ ತಾಯಿ ವಿಚಾರಿಸಿ ಪಡೆಯಬಹುದು. ಐದನೆಯದಕ್ಕೆ ಉತ್ತರ ಹೇಳಬಲ್ಲವರು ಆ ಮಕ್ಕಳು ಮಾತ್ರ. ಆದುದರಿಂದ ಚೆಕ್ಕಿಗೆ ಸಹಿ ಹಾಕುವ ಮುನ್ನ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳುವುದು ಅವಶ್ಯ. ನಾಳೆ ನಮ್ಮಲ್ಲೊಬ್ಬರು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವಾಗ ನಡುರಾತ್ರಿಯಲ್ಲಿ ಬಳಿಗೆ ಬರುವಾಕೆ ಒಲ್ಲದ ಮನಸ್ಸಿನಿಂದ ಬಂದವಳಾಗಿರದೆ, ತನ್ನ ಕೆಲಸವನ್ನು ತಾನೇ ಆರಿಸಿಕೊಂಡವಳಾಗಿರಬೇಕೆಂದು ನಾವೆಲ್ಲರೂ ಬಯಸುತ್ತೇವಷ್ಟೆ.